ಹಾಸಿನ ಎಳೆಗೆ ಒತ್ತಿದ ಕುಂಕುಮ

“ಗುರುಗಳೇ, ನಮ್ಮ ಅತ್ತಿಗೆಗೆ ಮರೆವು ಹೆಚ್ಚಾಗಿದೆ. ಅಣ್ಣ, ಪಾಪ, ತಾಳ್ಮೆಯಿಂದ ತಿದ್ದುತ್ತಾನೆ. ಅತ್ತಿಗೆ ಮಾತ್ರ ತಮ್ಮ ನೆನಪೇ ಸರಿ ಎನ್ನುತ್ತಾರೆ. ಅವರಿಗೆ ಹೇಗೆ ತಿಳಿಹೇಳಲಿ?” ಎಂದು ಶಿಷ್ಯನು ಕೇಳಿದನು.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದನು. ಅವನ ಹೆಂಡತಿ ತವರಿನಿಂದ ಒಂದು ಮಗ್ಗ ತಂದಿದ್ದಳು. ಅವಳು ನೇಯುವಷ್ಟು ಕಾಲ ಮಗ್ಗ ಅವಳದು, ಅವಳ ಕೈಲಾಗದ ದಿನ ಗಂಡನದು. ಆ ಕೇರಿಯ ಕಟ್ಟಳೆ ಹಾಗಿತ್ತು. ಗಂಡನಿಗೆ ಅದನ್ನು ತನ್ನ ತಮ್ಮನಿಗೆ ಕೊಡಿಸುವ ಆಸೆ. ಬಾಯಿಬಿಟ್ಟು ಕೇಳುವಷ್ಟು ನೆಟ್ಟಗಿನ ಮನುಷ್ಯ ಅವನಲ್ಲ.

ದಿನವೂ ಅವಳು ನೀರಿಗೆ ಹೋದಾಗ ಅವನು ನಾಲ್ಕು ಬೆರಳಷ್ಟು ಅಡ್ಡ ನೇಯ್ದ ಹೊಕ್ಕಿನ ನೂಲನ್ನು ಬಿಚ್ಚಿ ಮತ್ತೆ ಲಾಳಿಗೆ ಸುತ್ತಿಡುತ್ತಿದ್ದನು. ತಿರುಗಿ ಬಂದವಳು “ಇಲ್ಲಿಯವರೆಗೆ ನೇಯ್ದಿದ್ದೆನಲ್ಲ” ಎಂದರೆ, “ನೇಯ್ದಂತೆ ನಿನಗೆ ಅನಿಸಿದೆ, ಅಷ್ಟೆ. ಹೋಗಲಿ ಬಿಡು, ಯಾರಿಗೂ ಹೇಳುವುದಿಲ್ಲ” ಎನ್ನುತ್ತಿದ್ದನು. ಅವನು ಹೇಳದೆ ಬಿಟ್ಟ ಮನೆ ಕೇರಿಯಲ್ಲಿ ಒಂದೂ ಇರಲಿಲ್ಲ. ನೆನಪಿಗೆ ಒಳ್ಳೆಯದೆಂದು ಒಂದೆಲಗದ ಚಟ್ನಿಯನ್ನೂ ಆ ನಾಚಿಕೆಗೇಡಿ ತಾನೇ ಅರೆದು ತಿನ್ನಿಸಿದನು. ಅವಳು ತಿಂದಳು. ತನ್ನ ತಲೆಯೇ ಕೆಟ್ಟಿತೆಂದು ನಂಬಿ ಅವನ ಕಾಲಿಗೂ ಬಿದ್ದಳು. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ನೀರಿಗೆ ಹೊರಡುವ ಮುನ್ನ, ನೇಯ್ಗೆ ನಿಂತ ಕಡೆ ಅಂಚಿನಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ಒದ್ದೆ ಕುಂಕುಮ ಒತ್ತಿ ಹೋದಳು. ಬಂದು ನೋಡಿದರೆ ಬಟ್ಟೆ ನಾಲ್ಕು ಬೆರಳು ಹಿಂದೆ ಸರಿದಿತ್ತು. ಕೆಂಪು ಮಾತ್ರ ಬರಿಯ ಎಳೆಯ ಮೇಲೆ ಹಾಗೆಯೇ ಉಳಿದಿತ್ತು. ಎಷ್ಟೋ ತಿಂಗಳ ಮೇಲೆ ಅವಳು ನೆಮ್ಮದಿಯಿಂದ ಉಸಿರುಬಿಟ್ಟಳು.

ಕೇರಿಯ ಹಿರಿಯರನ್ನು ಕರೆತಂದು ತೋರಿಸಿದಳು.

ಗಂಡನು ನಿಟ್ಟುಸಿರಿಟ್ಟು, “ಕುಂಕುಮ ಒತ್ತಿದ್ದು ಇವಳೇ. ಎಲ್ಲಿ ಒತ್ತಿದೆನೆಂಬುದನ್ನೂ ಮರೆತಿದ್ದಾಳೆ” ಎಂದನು.

ಬಂದವರೆಲ್ಲ ನೇಕಾರರೇ. ಒಮ್ಮೆ ನೇಯ್ದು ಬಿಚ್ಚಿದ ನೂಲು ಸುಕ್ಕು ಹಿಡಿದಿರುತ್ತದೆ, ಕೈಯಿಟ್ಟರೆ ನೇಕಾರನಿಗೆ ತಿಳಿಯುತ್ತದೆ. ಒಬ್ಬನೂ ಬಗ್ಗಿ ಲಾಳಿಯ ನೂಲಿಗೆ ಕೈಯಿಡಲಿಲ್ಲ. ಇಂಥ ಹೆಂಡತಿಯೊಡನೆ ಬಾಳುತ್ತಿರುವ ಗಂಡ ದೊಡ್ಡವನು ಎಂದು ತಲೆದೂಗಿದರು. ಅಂದೇ ಮಗ್ಗ ಮೈದುನನ ಮನೆಗೆ ಹೋಯಿತು. ಹಾಸನ್ನು ಕತ್ತರಿಸುವಾಗ ಅವಳು ಕೆಂಪು ಹತ್ತಿದ ಎಳೆಗಳನ್ನು ಬಿಡಿಸಿಕೊಂಡು ಸೆರಗಿಗೆ ಕಟ್ಟಿಕೊಂಡಳು. ತನ್ನ ತಲೆ ಸರಿಯಿದೆಯೆಂದು ಇನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಕೈಗೆ ಕೆಲಸವಿರಲಿಲ್ಲ.

ಕತೆ ಕೇಳಿದ ಶಿಷ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. “ಅವರು ಎಂಥ ಜನ, ಗುರುಗಳೇ? ಒಬ್ಬರಾದರೂ ಆ ನೂಲನ್ನು ಮುಟ್ಟಿ ನೋಡಬಾರದಿತ್ತೇ?” ಎಂದನು.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ನಿನ್ನಂಥವರೇ, ಮಗು, ಗಂಡನ ಮಾತು ಕೇಳಿ ಹೆಂಡತಿಗೆ ಬುದ್ಧಿ ಹೇಳಲು ಹೊರಟವರು.”