ತುಪ್ಪದ ಮಾತು

"ಗುರುಗಳೇ, ತಪ್ಪಿದ್ದರೆ ನಿಷ್ಠುರವಾಗಿ ಹೇಳು ಎಂದು ತಾನಾಗಿಯೇ ಬಂದು ಕೇಳಿಕೊಂಡವನು, ಹೇಳಿದ ಮೇಲೆ ಮುಖ ಊದಿಸಿಕೊಂಡು ಕೂತರೆ ಏನು ಮಾಡಬೇಕು?"

ಶಿವಯೋಗಿಯ ದನಿಯಲ್ಲಿ ಜಿಜ್ಞಾಸೆಗಿಂತ ರೋಸಿಹೋದ ಬೇಸರವೇ ಹೆಚ್ಚಾಗಿತ್ತು. ಅವನ ಸಹಪಾಠಿ ಉಳವಪ್ಪ ಒಂದು ಪ್ರಹಸನ ಬರೆದಿದ್ದ. ಓದಿ ನೋಡು, ಇದ್ದದ್ದು ಇದ್ದ ಹಾಗೆ ಹೇಳು ಎಂದು ಶಿವಯೋಗಿಯ ಬೆನ್ನು ಬಿದ್ದಿದ್ದ. ಶಿವಯೋಗಿ ಓದಿದ, ಹೇಳಿದ. ಅಂದಿನಿಂದ ಉಳವಪ್ಪ ಪಂಕ್ತಿಯಲ್ಲಿ ಅವನ ಪಕ್ಕದ ಎಲೆಗೆ ಕೂರುತ್ತಿಲ್ಲ. ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಾನೆ. ಇನ್ನು ಈ ಜನ್ಮದಲ್ಲಿ ಒಂದಕ್ಷರ ಬರೆಯುವುದಿಲ್ಲ ಎಂದು ಅಡುಗೆಯವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾನೆ. ಮಠಕ್ಕೆ ಬಂದಾಗಿನಿಂದ ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ಪಾಠ ಕೇಳಿದವರು. ಗೆಳೆಯ ಕೈತಪ್ಪಿ ಹೋಗುತ್ತಿದ್ದಾನೆ ಎಂದು ಶಿವಯೋಗಿಗೆ ಸಂಕಟವಾಗಿತ್ತು. ತನ್ನದೇನೂ ತಪ್ಪಿಲ್ಲವಲ್ಲ ಎಂಬ ಯೋಚನೆ ಆ ಸಂಕಟಕ್ಕೆ ಸಿಟ್ಟನ್ನೂ ಬೆರೆಸಿತ್ತು.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಾಸ್ಯಗಾರನಿದ್ದ. ನಾಟಕ ಕಂಪನಿಯೊಂದರಲ್ಲಿ ಬಹಳ ಕಾಲ ಹಾಸ್ಯದ ಪಾತ್ರ ಮಾಡಿ, ವಯಸ್ಸಾದ ಮೇಲೆ ಊರಿಗೆ ಬಂದು ಕೂತಿದ್ದ. ನಗಿಸುವವನು ತಾನು ನಗಕೂಡದು ಎಂಬುದು ಅವನ ಕಂಪನಿಯ ಕಟ್ಟಳೆ. ಎದುರಿಗೆ ಸಾವಿರ ಜನ ಬಿದ್ದು ಬಿದ್ದು ನಗುವಾಗ ಮುಖ ಗಂಟಿಕ್ಕಿಕೊಂಡು ನಿಂತು ನಿಂತು ಅವನಿಗೆ ಅದೇ ಮುಖ ಅಂಟಿಹೋಗಿತ್ತು. ಆ ಕಂಪನಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಹೊಗಳುವ ಪದ್ಧತಿಯೂ ಇರಲಿಲ್ಲ. ಇಡೀ ಊರು ಕುಣಿದಾಡುವ ಹಾಗೆ ಆಡಿ ಬಂದವನಿಗೂ ಒಳಗಿದ್ದವರು "ಪರವಾಗಿಲ್ಲ" ಎನ್ನುತ್ತಿದ್ದರು. ಅಷ್ಟು ಕೇಳಿದವನು ಹಿಗ್ಗಿಹೋಗುತ್ತಿದ್ದ.

ಅದೇ ಊರಿನ ಒಬ್ಬ ಎಣ್ಣೆ ವ್ಯಾಪಾರಿಗೆ ಪ್ರಹಸನ ಬರೆಯುವ ಹುಚ್ಚು ಹಿಡಿಯಿತು. ಅವನು ದಪ್ಪನೆಯ ಮನುಷ್ಯ. ನಡೆದರೂ ಎಡವಿದರೂ ಪೇಟೆಯ ಜನ ಅವನನ್ನು ನೋಡಿ ನಗುತ್ತಿದ್ದರು. ಜನ ತನ್ನನ್ನು ನೋಡಿ ನಕ್ಕಿದ್ದು ಸಾಕು, ತನ್ನ ಮಾತಿಗೆ ಒಂದು ಸಲವಾದರೂ ನಗಬೇಕು ಎಂಬುದು ಅವನ ಆಸೆ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಹಾಸ್ಯಗಾರನಿಗೆ ಮಾತ್ರ ಹೇಳಿದ. ಯುಗಾದಿಯ ದಿನ ಪೇಟೆಯವರೆಲ್ಲ ಸೇರುತ್ತಾರೆ, ಅಂದು ಆಡಿಸಬೇಕು, ಮುಚ್ಚುಮರೆಯಿಲ್ಲದೆ ತಿದ್ದಿಕೊಡಿ ಎಂದು ಕೈ ಮುಗಿದ. ಹಾಸ್ಯಗಾರನ ಮನಸ್ಸು ಕರಗಿತು. ಆಗಲಿ ಎಂದ.

ಕಷ್ಟ ಶುರುವಾದದ್ದು ಆಮೇಲೆ. ವ್ಯಾಪಾರಿ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಓದತೊಡಗಿದ. ನಗು ಬರಬೇಕಾದ ಮಾತು ಇನ್ನೂ ಎರಡು ಸಾಲು ಆಚೆಗಿರುವಾಗಲೇ ಅವನಿಗೆ ನಗು ಉಕ್ಕಿಬಿಡುತ್ತಿತ್ತು. ಹೊಟ್ಟೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಆ ಮಾತು ಬಂದಾಗ ಏನು ಹೇಳಿದನೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ತಲೆಯೆತ್ತಿ, ಹೇಗೆ ಎನ್ನುವಂತೆ ಹಾಸ್ಯಗಾರನ ಗಂಟುಮುಖ ನೋಡುತ್ತಿದ್ದ.

ಪ್ರಹಸನದಲ್ಲಿದ್ದವನು ಒಬ್ಬ ಜಿಪುಣ. ಮಗಳನ್ನು ಕೊಟ್ಟ ಮನೆಯ ಬೀಗರು ಊಟಕ್ಕೆ ಬಂದಿದ್ದಾರೆ, ಅವರನ್ನು ಹೇಗಾದರೂ ಅರೆಹೊಟ್ಟೆಯಲ್ಲಿ ಸಾಗಹಾಕಬೇಕು. ವಸ್ತುವೇನೋ ಸರಿಯಾಗಿಯೇ ಇತ್ತು. ಆದರೆ ಬೀಗರು ಒಳಗೆ ಬರುವಾಗ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಬೀಳುತ್ತಿದ್ದರು, ಕೈ ತೊಳೆಯಲು ಹೋಗುವಾಗ ಬೀಳುತ್ತಿದ್ದರು, ಎದ್ದು ನಮಸ್ಕಾರ ಮಾಡಿ ಮತ್ತೆ ಬೀಳುತ್ತಿದ್ದರು. ಕಿವುಡಿ ಅಜ್ಜಿಯೊಬ್ಬಳು ಪ್ರತಿ ಮಾತನ್ನೂ ತಪ್ಪಾಗಿ ಕೇಳಿಸಿಕೊಂಡು ಇನ್ನೊಂದು ಹೇಳುತ್ತಿದ್ದಳು. ಒಂದು ಸಲ ಬಿದ್ದರೆ ಸಾಕು ಎಂದು ಹಾಸ್ಯಗಾರ ಹೇಳಿದ. ವ್ಯಾಪಾರಿ ಒಪ್ಪಲಿಲ್ಲ. ನಿಮಗೆ ಅದು ಸರಿಯಾಗಿ ಅರ್ಥವಾಗಲಿಲ್ಲ ಮಾಸ್ತರ್ ಎಂದು, ಎರಡನೆಯ ಸಲ ಬಿದ್ದಾಗ ಏಕೆ ನಗಬೇಕು, ಮೂರನೆಯ ಸಲ ಏಕೆ ಇನ್ನೂ ಹೆಚ್ಚು ನಗಬೇಕು ಎಂದು ಬಿಡಿಸಿ ಹೇಳಿದ. ಜನ್ಮವಿಡೀ ಜನರನ್ನು ನಗಿಸಿ ಅನ್ನ ತಿಂದವನು ಎಣ್ಣೆ ವ್ಯಾಪಾರಿಯಿಂದ ನಗುವಿನ ಪಾಠ ಕೇಳಿಸಿಕೊಳ್ಳಬೇಕಾಯಿತು. ಅಜ್ಜಿಯನ್ನು ತೆಗೆಯಿರಿ ಎಂದರೆ, ನಮ್ಮ ಮನೆಯವರೆಲ್ಲ ಅಜ್ಜಿ ಬಂದಾಗಲೇ ನಕ್ಕಿದ್ದು ಎಂದ. ಮಾತು ಉದ್ದವಾಯಿತು ಎಂದರೆ, ಇನ್ನೊಮ್ಮೆ ಕೇಳಿ ನೋಡಿ ಎಂದು ಮೊದಲಿನಿಂದ ಓದಿದ. ಹಾಸ್ಯಗಾರನ ತಲೆ ಚಿಟ್ಟು ಹಿಡಿಯಿತು. ಬೆಳಗಾದರೆ ಈ ಮನುಷ್ಯ ಬರುತ್ತಾನಲ್ಲ ಎಂದು ಅವನಿಗೆ ಕಾಫಿಯೂ ಸೇರದಂತಾಯಿತು. ಕೊನೆಗೊಂದು ದಿನ ತಾಳಲಾರದೆ, ನಿಮಗೆ ಬೇಕಾದದ್ದು ತಿದ್ದುವವನಲ್ಲ, ಚಪ್ಪಾಳೆ ತಟ್ಟುವವನು, ಅಂಥವನನ್ನು ಹುಡುಕಿಕೊಳ್ಳಿ ಎಂದುಬಿಟ್ಟ.

ವ್ಯಾಪಾರಿ ಎದ್ದು ಹೋದ. ಕೆಲವು ದಿನ ಆ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತ. ಅವನ ಮುಖದಲ್ಲಿ ಮೊದಲಿನ ಕಳೆಯಿರಲಿಲ್ಲ. ಹೋದಲ್ಲೆಲ್ಲ ಓದಿದೆ, ಯಾರೂ ನಗಲಿಲ್ಲ, ಇನ್ನು ಎದುರು ಮಾತಾಡುವುದಿಲ್ಲ, ನೀವು ಹೇಳಿದ ಹಾಗೆ ಹೊಡೆದುಹಾಕುತ್ತೇನೆ ಎಂದ.

ಹಾಸ್ಯಗಾರ ಅವನನ್ನು ಕೂರಿಸಿಕೊಂಡ. ಅಷ್ಟು ದಿನ ಗಂಟಲಲ್ಲೇ ಕಟ್ಟಿಕೊಂಡಿದ್ದದ್ದನ್ನೆಲ್ಲ ಅಂದು ಹೊರಹಾಕಿದ. ಎಲ್ಲಿ ಜಾಳಾಯಿತು, ಎಲ್ಲಿ ಹಳಸಲಾಯಿತು, ಯಾವ ಮಾತು ಕೇಳಿದರೆ ಜನ ಆಕಳಿಸುತ್ತಾರೆ ಎಂದು ಹಾಳೆ ಹಾಳೆಯನ್ನೂ ಜಾಲಾಡಿಸಿದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ವ್ಯಾಪಾರಿ ತುಟಿ ಬಿಚ್ಚದೆ ಗೆರೆ ಎಳೆಯುತ್ತ ಹೋದ.

ನಡುವೆ ಊಟದ ಪ್ರಸಂಗ ಬಂತು. ಜಿಪುಣನ ಹೆಂಡತಿ ತುಪ್ಪದ ಗಿಂಡಿ ಹಿಡಿದು ಬರುತ್ತಾಳೆ. ಬೀಗರು ಉಪಚಾರಕ್ಕೆಂದು, ಒಂದು ತೊಟ್ಟೂ ಬೀಳುವ ಮೊದಲೇ, ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನುತ್ತಾರೆ. ಜಿಪುಣ ಹೆಂಡತಿಗೆ ಹೇಳುತ್ತಾನೆ: "ಕೇಳಿಸಲಿಲ್ಲವೇನೇ? ಬೀಗರು ಸಾಕು ಅಂದರು. ದೊಡ್ಡವರ ಮಾತು ಮೀರಬೇಡ, ಒಳಗಿಡು."

ವ್ಯಾಪಾರಿ ಇದನ್ನು ನಗದೆ, ನೀರು ಕುಡಿದಷ್ಟು ಸಲೀಸಾಗಿ ಓದಿದ. ಅವನ ಮಾವನ ಮನೆಯಲ್ಲಿ ಹಾಗೇ ನಡೆದಿತ್ತು, ಇವನು ಬರೆದಿಟ್ಟಿದ್ದ, ಅಷ್ಟೇ. ಅದು ಹಾಸ್ಯವೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹಾಸ್ಯಗಾರನಿಗೆ ಮಾತ್ರ ಮೊದಲ ದಿನ ಇದನ್ನು ಕೇಳಿದಾಗಲೇ ಒಳಗೊಳಗೆ ನಗು ನುಗ್ಗಿ ಬಂದಿತ್ತು. ರೂಢಿಯಂತೆ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿ ತಡೆದುಕೊಂಡಿದ್ದ. ಈಗಲೂ ಹಾಗೇ ತಿರುಗಿ, "ಆ ತುಪ್ಪದ ಮಾತು ಪರವಾಗಿಲ್ಲ" ಎಂದು, ಮುಂದಿನ ತಪ್ಪಿಗೆ ಹೋದ.

ಯುಗಾದಿ ಬಂತು. ಪೇಟೆಯವರೆಲ್ಲ ಸೇರಿದರು. ಹಾಸ್ಯಗಾರ ಎಂದೂ ಇಲ್ಲದವನು ಅಂದು ಮುಂದಿನ ಸಾಲಿನಲ್ಲಿ ಹೋಗಿ ಕೂತ. ಬೀಗರು ಒಂದೇ ಸಲ ಬಿದ್ದರು. ಅಜ್ಜಿ ಇರಲೇ ಇಲ್ಲ. ಮಾತುಗಳೆಲ್ಲ ಚೊಕ್ಕವಾಗಿದ್ದವು, ಯಾರಿಗೂ ಬೇಸರವಾಗಲಿಲ್ಲ, ಯಾರೂ ನಗಲೂ ಇಲ್ಲ. ಇರಲಿ, ತುಪ್ಪ ಬರಲಿ ಎಂದು ಹಾಸ್ಯಗಾರ ಕಾದ. ತುಪ್ಪ ಬಂತು. ಹೆಂಡತಿ ಬಡಿಸಿದಳು, ಬೀಗರು ಉಂಡರು, ಕೈ ತೊಳೆದರು. ಪರದೆ ಬಿತ್ತು. ಜನ ಚದುರುತ್ತ ಊರಿನ ಸುದ್ದಿ ಮಾತಾಡಿಕೊಂಡು ಹೋದರು. ಹೊರಗೆ ಬರುತ್ತಿದ್ದ ವ್ಯಾಪಾರಿ ಮೆಟ್ಟಿಲಲ್ಲಿ ಎಡವಿದಾಗ ಮಾತ್ರ ನಾಲ್ಕು ಜನ ನಕ್ಕರು.

ಹಾಸ್ಯಗಾರನಿಗೆ ಎಲ್ಲಿಲ್ಲದ ಸಿಟ್ಟು ಬಂತು. ನೇರವಾಗಿ ಹೋಗಿ ವ್ಯಾಪಾರಿಯನ್ನು ತಡೆದು ನಿಲ್ಲಿಸಿದ.

"ಸಾಹುಕಾರರೇ, ಆ ತುಪ್ಪದ ಮಾತು ಎಲ್ಲಿ ಹೋಯಿತು?"

"ಹೊಡೆದುಹಾಕಿದೆ ಮಾಸ್ತರ್. ನೀವೇ ಪರವಾಗಿಲ್ಲ ಅಂದಿರಲ್ಲ. ಇದ್ದರೂ ಆಯಿತು, ಹೋದರೂ ಆಯಿತು ಅಂತ ತಿಳಿದುಕೊಂಡೆ."

"ನಮ್ಮ ಕಂಪನಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಕಣ್ರೀ."

"ನಾನು ನಿಮ್ಮ ಕಂಪನಿಯವನಲ್ಲವಲ್ಲ" ಎಂದ ವ್ಯಾಪಾರಿ.

ಅವನು ಸಿಟ್ಟಿನಿಂದ ಹೇಳಲಿಲ್ಲ. ದಣಿದ ದನಿಯಲ್ಲಿ ಹೇಳಿ ಮನೆಗೆ ಹೋದ. ಮರುದಿನ ಎಂದಿನಂತೆ ಅಂಗಡಿ ತೆರೆದ. ಹಾಸ್ಯಗಾರ ಒಂದೆರಡು ಸಲ ಅಂಗಡಿಗೆ ಹೋಗಿ, ಇನ್ನೊಂದು ಬರೆಯಿರಿ ಎಂದು ಹೇಳಿ ನೋಡಿದ. ವ್ಯಾಪಾರಿ ಎಷ್ಟು ಎಣ್ಣೆ ಬೇಕು ಎಂದು ಕೇಳಿದ. ಅವನು ಮತ್ತೆ ಬರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿವಯೋಗಿಗೆ ಸಮಾಧಾನವಾಗಲಿಲ್ಲ. ಅವನಿಗೆ ವ್ಯಾಪಾರಿಯ ಮೇಲೆಯೇ ಸಿಟ್ಟು ಬಂದಿತ್ತು. ದಿನಗಟ್ಟಲೆ ವಾದ ಮಾಡಿ ಒಬ್ಬ ಮುದುಕನ ಪ್ರಾಣ ತಿಂದವನಿಗೆ, ಪರವಾಗಿಲ್ಲ ಎಂದರೆ ಏನರ್ಥ ಎಂದು ಕೇಳಲು ಒಂದು ಗಳಿಗೆ ಸಿಗಲಿಲ್ಲವೇ ಎಂದ. ಉಳವಪ್ಪನೂ ಅದೇ ಜಾತಿಯವನು ಎಂದ. ತಾನು ಅವನ ಪ್ರಹಸನವನ್ನು ಎರಡೆರಡು ಸಲ ಓದಿದ್ದೇನೆ, ಸಡಿಲವಾದ ಒಂದೊಂದು ಮಾತನ್ನೂ ಹುಡುಕಿ ತೋರಿಸಿದ್ದೇನೆ, ಸುಳ್ಳು ಒಂದನ್ನೂ ಹೇಳಿಲ್ಲ, ಏನನ್ನೂ ಮುಚ್ಚಿಟ್ಟಿಲ್ಲ, ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆ ಯಾವುದಿದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಗುರುಗಳು ಕೇಳಿದರು: "ಅದನ್ನು ಓದುವಾಗ ನಿನಗೆ ನಗು ಬಂದದ್ದು ಎಲ್ಲಿ ಎಂದು ಅವನಿಗೆ ಹೇಳಿದೆಯಾ?"

ಶಿವಯೋಗಿ ಎದ್ದು, ಉಳವಪ್ಪನನ್ನು ಹುಡುಕಿಕೊಂಡು ಅಡುಗೆಮನೆಯ ಕಡೆ ಹೊರಟ.