ಇಳಿಜಾರಿನಲ್ಲಿ ತಳ್ಳಿದ ಮನೆಗಾಡಿ

ಪ್ರವಾಸಿಗರು ಒಳಗೇ ಉಂಡು ಮಲಗಲು ಕೊಳ್ಳುವ, ಎಂಜಿನ್ ಇಲ್ಲದ ಮನೆಗಾಡಿಗಳನ್ನು ಕಾರ್ಖಾನೆಯಿಂದ ಡೀಲರ್ ಅಂಗಳಕ್ಕೆ ಎಳೆದೊಯ್ಯಲೆಂದೇ ಕಟ್ಟಿಸಿದ ಟ್ರಕ್ಕೊಂದಿತ್ತು. ಒಂದು ದಿನ ಅದರ ಕೊಕ್ಕೆಗೆ ಹೊಚ್ಚ ಹೊಸ ಮನೆಗಾಡಿಯೊಂದನ್ನು ಸಿಕ್ಕಿಸಿದರು. ಅದರ ಮೈಮೇಲೆ ಒಂದು ಗೀರು ಬಿದ್ದರೂ ಡೀಲರ್ ಇಳಿಸಿಕೊಳ್ಳುವುದಿಲ್ಲ.

ಘಾಟಿಯ ಇಳಿಜಾರಿನಲ್ಲಿ ಮನೆಗಾಡಿ ಟ್ರಕ್ಕಿನ ಬೆನ್ನಿಗೆ ಒತ್ತಿಕೊಂಡಿತು. "ನೋಡಿದೆಯಾ? ನಿನ್ನನ್ನು ತಳ್ಳುತ್ತಿರುವವಳು ನಾನು. ಎಳೆಯುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಬೇಡ."

"ಹಾಗಾದರೆ ಮುಂದಿನ ಏರಿನಲ್ಲೂ ನೀನೇ ತಳ್ಳಮ್ಮ," ಎಂದಿತು ಟ್ರಕ್ಕು.

ಏರು ಬಂತು. ಟ್ರಕ್ಕು ಎಳೆಯುವುದನ್ನು ನಿಲ್ಲಿಸಿತು. ಎರಡೂ ಹಿಂದಕ್ಕೆ ಜಾರತೊಡಗಿದವು. ಮನೆಗಾಡಿಯ ಹಿಂದೆ, ರಸ್ತೆಯಂಚಿನ ಬಂಡೆಯೊಂದು ಇನ್ನು ಒಂದೇ ಗೇಣು ದೂರದಲ್ಲಿತ್ತು.

"ಅಯ್ಯೋ, ಎಳೆಯೋ ಅಣ್ಣಾ! ಮೈ ನೆಗ್ಗಿದರೆ ನನ್ನನ್ನು ಯಾರು ಕೊಳ್ಳುತ್ತಾರೆ?"

ಟ್ರಕ್ಕು ಬ್ರೇಕು ಹಾಕಿತು. ಆಮೇಲೆ ಬುಸುಗುಟ್ಟುತ್ತಾ ಅವಳನ್ನು ಏರು ಹತ್ತಿಸಿತು.

ಡೀಲರ್ ಅಂಗಳದಲ್ಲಿ ಮೊದಲೇ ನಿಂತಿದ್ದ ಮನೆಗಾಡಿಗಳು, "ದಾರಿ ಹೇಗಿತ್ತೇ?" ಎಂದು ಕೇಳಿದವು.

"ನನಗೇನು ಕಷ್ಟ? ಈ ಟ್ರಕ್ಕೇ ಏರಿನಲ್ಲಿ ಜಾರಿಬಿಟ್ಟಿತ್ತು. ನಾನು ಹಿಂದಿನಿಂದ ಹಿಡಿದುಕೊಂಡೆ, ಬದುಕಿತು."

ಟ್ರಕ್ಕು ಕೊಕ್ಕೆ ಬಿಡಿಸಿಕೊಂಡಿತು. "ಬರುತ್ತೇನಮ್ಮ. ನಿನ್ನ ಹಾಗೇ ನನ್ನನ್ನು ಹಿಡಿದುಕೊಳ್ಳುವವರು ಕಾರ್ಖಾನೆಯಲ್ಲಿ ಇನ್ನೂ ಹತ್ತು ಜನ ಕಾಯುತ್ತಿದ್ದಾರೆ."