ಹಸಿರು ದೀಪ ಮತ್ತು ಲಿಫ್ಟಿನ ಬಾಗಿಲು

ಲಿಫ್ಟನ್ನು ನಡೆಸುವ ಕೋಡನ್ನು ಹತ್ತಾರು ಜನ ಬರೆಯುತ್ತಿದ್ದರು. ಎಲ್ಲರ ಕೋಡೂ ಕಂಪ್ಯೂಟರಿನ ಒಂದೇ ಭಂಡಾರಕ್ಕೆ ಸೇರಬೇಕು. ಆ ಭಂಡಾರದ ಹೊಸ್ತಿಲಲ್ಲಿ ಒಂದು ಪರೀಕ್ಷೆ ಕಾವಲಿಗಿತ್ತು. ಬಂದ ಕೋಡಿನ ಪ್ರತಿ ಸಾಲನ್ನೂ ಅದು ಓಡಿಸಿ ನೋಡುತ್ತಿತ್ತು. ತಪ್ಪಿದ್ದರೆ ಪಕ್ಕದ ದೀಪ ಕೆಂಪಾಗಿ ಸಾಲು ಹೊರಗೇ ಉಳಿಯುತ್ತಿತ್ತು; ಇಲ್ಲದಿದ್ದರೆ ದೀಪ ಹಸಿರಾಗುತ್ತಿತ್ತು.

ಒಂದು ದಿನ ಹೊಸ ಸಾಲೊಂದು ಬಂತು.

"ನಿಲ್ಲು," ಎಂದಿತು ಪರೀಕ್ಷೆ. "ನಿನ್ನನ್ನು ಬಿಟ್ಟರೆ ಲಿಫ್ಟ್ ಬರುವ ಮೊದಲೇ ಬಾಗಿಲು ತೆರೆಯುತ್ತದೆ."

"ನನ್ನನ್ನು ಬರೆದವರು ಯಜಮಾನ ಚನ್ನವೀರಯ್ಯನವರು, ಗೊತ್ತೇನು?"

"ಬಿದ್ದವರು ಯಾರ ಮನೆಯವರೆಂದು ಬಾವಿ ಕೇಳುವುದಿಲ್ಲ."

ದೀಪ ಕೆಂಪಾಯಿತು. ಚನ್ನವೀರಯ್ಯ ಕೆರಳಿದ. "ನಾಳೆ ಲಿಫ್ಟಿನ ಉದ್ಘಾಟನೆ! ಆ ಪರೀಕ್ಷೆಯನ್ನು ಕಿತ್ತು ಬಿಸಾಡಿ. ನನಗೆ ಹಸಿರು ಬೇಕು, ಅಷ್ಟೇ."

ಕೋಡು ಬರೆಯುವವರು ತಲೆಯಾಡಿಸಿ ಕೀಬೋರ್ಡಿಗೆ ಕೈ ಹಾಕಿದರು. ಕಿತ್ತರು. ದೀಪ ಹಸಿರಾಯಿತು, ಸಾಲು ಒಳಗೆ ಸೇರಿತು.

ಮರುದಿನ ಮೇಲಿನ ಮಹಡಿಯ ಲಿಫ್ಟ್ ಬಾಗಿಲು ದೀಪವನ್ನು ಮೆಲ್ಲಗೆ ಕೇಳಿತು: "ನನ್ನ ಬೆನ್ನಿಗೆ ತಣ್ಣನೆ ಗಾಳಿ ತಾಕುತ್ತಿದೆ. ಹಿಂದೆ ಲಿಫ್ಟ್ ಇದೆಯೇ?"

"ನನಗೇನು ಗೊತ್ತು? ನೋಡಿ ಹೇಳುತ್ತಿದ್ದ ಪರೀಕ್ಷೆಯನ್ನು ಕಿತ್ತರು. ನಾನು ಹಸಿರು."

"ಹೆಜ್ಜೆ ಸಪ್ಪಳ ಕೇಳುತ್ತಿದೆ. ಯಾರೋ ಬರುತ್ತಿದ್ದಾರೆ."

"ಬರಲಿ. ನಾನು ಹಸಿರು."

ಹೊರಗೆ ಓಲಗ ನಿಂತಿತು. ಚನ್ನವೀರಯ್ಯ ಗುಂಡಿ ಒತ್ತಿ, ಕೈಮುಗಿದು ಪಕ್ಕಕ್ಕೆ ಸರಿದ.

"ಅವ್ವಾ, ಮೊದಲು ನೀನೇ ಹತ್ತಬೇಕು. ಬಲಗಾಲಿಟ್ಟು ಹೋಗು."

ಬಾಗಿಲು ತೆರೆಯಿತು.